ಹತ್ತು ಎಣಿಸುವುದರೊಳಗೆ

ಹೆಡ್ ಮಾಸ್ತರರ ಫೋನು ಬಂದಾಗ ನಾನು ಆಳಂದದ ಬಸ್ ನಿಲ್ದಾಣದಲ್ಲಿದ್ದೆ. ಅಫಜಲಪುರ ತಾಲ್ಲೂಕಿನ ಅವರ ಶಾಲೆಯಲ್ಲಿ, ಹಿಂದಿನ ದಿನ ಬಿಸಿಯೂಟದ ಹೊತ್ತಿಗೆ, ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಜೊತೆಯವಳ ಬಾಯಿಗೆ ಸ್ಟೀಲಿನ ತಾಟಿನಿಂದ ಹೊಡೆದಿದ್ದಳು. ತಾಟಿನ ಅಂಚು ತಾಗಿ ಮುಂದಿನ ಎರಡು ಹಲ್ಲು ಮುರಿದಿದ್ದವು, ಮೇಲ್ದುಟಿ ಸೀಳಿತ್ತು. ಹೊಡೆದವಳು ಅಷ್ಟಕ್ಕೇ ನಿಲ್ಲಿಸಿರಲಿಲ್ಲ. ಕೆಳಗೆ ಬಿದ್ದವಳ ಎದೆಯ ಮೇಲೆ ಕೂತು ಮತ್ತೆ ತಾಟು ಎತ್ತಿದ್ದಳಂತೆ. ಅಡುಗೆಯ ಹೆಣ್ಣುಮಕ್ಕಳು ರಟ್ಟೆ ಹಿಡಿದು ಎಳೆದಿದ್ದರಿಂದ ಬಿದ್ದವಳು ಉಳಿದದ್ದು. ಟಿಸಿ ಕೊಟ್ಟು ಕಳಿಸುವುದೆಂದು ನಿರ್ಧಾರವಾಗಿದೆ, ಆದರೂ ನಿಮ್ಮದೊಂದು ಮಾತು ಆಗಲಿ ಎಂದು ಫೋನು ಮಾಡಿದೆ ಎಂದರು.

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಪ್ರೌಢಶಾಲೆಗಳನ್ನು ಸುತ್ತುವ ಆಪ್ತಸಮಾಲೋಚಕಿ ನಾನು. ಈ ಹೆಸರು ಮಕ್ಕಳ ನಾಲಿಗೆಗೆ ಹೊರಳುವುದಿಲ್ಲ. ಅವರಿಗೆ ನಾನು 'ಮಾತಾಡೋ ಮೇಡಂ'. ಪಾಠ ಹೇಳುವುದಿಲ್ಲ, ಪರೀಕ್ಷೆ ಇಡುವುದಿಲ್ಲ, ಬಂದು ಕೂತು ಮಾತಾಡಿಸುತ್ತಾಳೆ ಎಂಬುದು ಅವರಿಗೆ ಮೊದಮೊದಲು ನಗೆಯ ವಿಷಯವಾಗಿತ್ತು. ಮೇಷ್ಟ್ರುಗಳಿಗೂ ಅಷ್ಟೇ. ಓದಿನಲ್ಲಿ ಹಿಂದೆ ಬಿದ್ದವರನ್ನು, ಸಾಲಿ ತಪ್ಪಿಸುವವರನ್ನು ನನ್ನ ಮುಂದೆ ಕೂರಿಸುತ್ತಿದ್ದರು. ಹೊಡೆದಾಡುವವರನ್ನು ಮಾತ್ರ ಕಳಿಸುತ್ತಿರಲಿಲ್ಲ. ಅವರಿಗೆ ಬೇರೆ ಮದ್ದು ಇದೆಯಲ್ಲ ಎಂಬುದು ಅವರ ಲೆಕ್ಕ.

ನಾನು ಶಾಲೆ ಮುಟ್ಟಿದಾಗ ಆ ಹುಡುಗಿ ಹೆಡ್ ಮಾಸ್ತರರ ಕೋಣೆಯ ಹೊರಗೆ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು. ಸಣಕಲು ಮೈ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ. ಯೂನಿಫಾರ್ಮಿನ ತೋಳಿನ ಮೇಲೆ ಒಣಗಿದ ರಕ್ತದ ಕಲೆ ಹಾಗೇ ಇತ್ತು. ಬೇರೆ ಯೂನಿಫಾರ್ಮು ಇಲ್ಲದೆ ಅದನ್ನೇ ಹಾಕಿಕೊಂಡು ಬಂದಿದ್ದಳು. ಒಳಗೆ ಗಣಿತದ ಮಾಸ್ತರರು ಬೆತ್ತವನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಕೂತಿದ್ದರು. ಇಂಥವರನ್ನು ಒಂದು ದಿನ ಇಟ್ಟುಕೊಂಡರೂ ಉಳಿದ ಮಕ್ಕಳು ಕೆಡುತ್ತಾರೆ ಎಂಬುದು ಅವರ ವಾದ.

ನಾವು ಮಾತಾಡುತ್ತಿರುವಾಗಲೇ ಅವಳ ಅವ್ವ ಬಂದಳು. ಕಬ್ಬು ಕಡಿಯುತ್ತಿದ್ದ ಹೊಲದಿಂದ ನೇರ ಬಂದವಳು. ಸೀರೆಯ ಮೇಲೆ ಗಂಡಸರ ಹಳೆಯ ಅಂಗಿ, ಕೈತುಂಬ ಕಬ್ಬಿನ ಗರಿ ಗೀರಿದ ಗೆರೆಗಳು. ನಮಗೆ ನಮಸ್ಕಾರ ಮಾಡಲಿಲ್ಲ, ಏನಾಯಿತೆಂದು ಕೇಳಲಿಲ್ಲ. ಮಗಳ ಎರಡೂ ಜಡೆಗಳನ್ನು ಒಂದೇ ಮುಷ್ಟಿಯಲ್ಲಿ ಹಿಡಿದು ಎಳೆದು, ಇನ್ನೊಂದು ಕೈಯಲ್ಲಿ ಚಪ್ಪಲಿ ತೆಗೆದುಕೊಂಡು ಮುಖಕ್ಕೆ, ಬೆನ್ನಿಗೆ, ತಲೆಗೆ ಹೊಡೆಯತೊಡಗಿದಳು. ಹುಡುಗಿ ಕೂಗಲಿಲ್ಲ. ಕೈ ಅಡ್ಡ ಹಿಡಿಯಲೂ ಇಲ್ಲ. ಚಪ್ಪಲಿಯ ಬಾರು ಹರಿಯಿತು. ಅವ್ವ ಅದನ್ನು ಎಸೆದು ಮಗಳ ತಲೆಯನ್ನು ಬಾಗಿಲ ಚೌಕಟ್ಟಿಗೆ ಬಡಿದಳು. ಆ ಸದ್ದಿಗೆ ನಾನು ಎದ್ದೆ. ಇಬ್ಬರು ಮಾಸ್ತರರೂ ಕೂತೇ ಇದ್ದರು.

ನಡುವೆ ನುಗ್ಗಿದ ನನಗೆ ಆಕೆಯ ಮೊಣಕೈ ಬಡಿಯಿತು. ಕನ್ನಡಕ ಒಡೆದು ಹುಬ್ಬಿನ ಕೆಳಗೆ ಗಾಜು ಚುಚ್ಚಿತು. ರಕ್ತ ಕಣ್ಣಿಗೆ ಇಳಿದಾಗ ಆಕೆಗೆ ತಾನೇನು ಮಾಡಿದೆನೆಂದು ಕಾಣಿಸಿತು. ಜಡೆ ಬಿಟ್ಟಳು. ಅಲ್ಲೇ ಕುಸಿದು ನೆಲದ ಮೇಲೆ ಕೂತಳು. ಉಸಿರು ಸಾಲದೆ ಬಿಕ್ಕುತ್ತ ಹೆಡ್ ಮಾಸ್ತರರ ಕಡೆ ತಿರುಗಿ ಹೇಳಿದಳು:

"ನೋಡ್ರಿ ಸರ, ನೀವು ಹೊಡಿಯೂಕಿಂತ ಮೊದ್ಲ ನಾನ ಹೊಡದೇನಿ. ಇನ್ನಾ ಬೇಕಂದ್ರ ಇನ್ನಾ ಹೊಡಿತೇನಿ. ಸಾಲಿ ಅಷ್ಟ ಬಿಡಸಬ್ಯಾಡ್ರಿ."

ಆಕೆಗೆ ಬಂದದ್ದು ಸಿಟ್ಟಲ್ಲ. ಶಾಲೆ ಕೊಡಬಹುದಾದ ಶಿಕ್ಷೆಯನ್ನು ತಾನೇ ಮುಗಿಸಿಕೊಟ್ಟರೆ ಮಗಳನ್ನು ಉಳಿಸಿಕೊಳ್ಳುತ್ತಾರೆಂದು ಹೊಲದಿಂದ ಬರುವ ದಾರಿಯಲ್ಲೇ ನಿಶ್ಚಯಿಸಿಕೊಂಡಿದ್ದಳು. ನೋಡುವವರಿಗೆ ಸಾಕೆನ್ನಿಸುವವರೆಗೆ ಹೊಡೆಯಬೇಕಾಗಿತ್ತು. ನೋಡುವವರು ಸಾಕೆನ್ನಲಿಲ್ಲ, ಆಕೆ ಹೊಡೆಯುತ್ತಲೇ ಹೋದಳು.

ಹೆಡ್ ಮಾಸ್ತರರು ಕಾಗದಗಳನ್ನು ಆಚೆ ಸರಿಸಿದರು. ಒಂದು ತಿಂಗಳು ನೋಡೋಣ, ಮೇಡಂ ಹೇಳಿದಂತೆ ಕೇಳಬೇಕು ಎಂದರು. ಹುಡುಗಿಯ ಹಣೆ ಊದಿತ್ತು. ಒಂದೇ ನಲ್ಲಿಯಲ್ಲಿ ಅವಳೂ ನಾನೂ ಮುಖ ತೊಳೆದುಕೊಂಡೆವು.

ಆಮೇಲೆ ವಾರವಾರವೂ ಹೋದೆ. ವಿಜ್ಞಾನದ ಕೋಣೆಯಲ್ಲಿ ಒಡೆದ ಗಾಜಿನ ಸಾಮಾನುಗಳ ನಡುವೆ ಎರಡು ಸ್ಟೂಲು ಹಾಕಿಕೊಂಡು ಕೂರುತ್ತಿದ್ದೆವು. ಮೊದಲ ಸಲಗಳಲ್ಲಿ ಅವಳು ಮೂಲೆಯಲ್ಲಿದ್ದ ಅಸ್ಥಿಪಂಜರದ ಚಿತ್ರ ನೋಡುತ್ತ ಕೂರುತ್ತಿದ್ದಳು. ಕಲಬುರಗಿಯ ತರಬೇತಿಯಲ್ಲಿ ನನಗೆ ಕಲಿಸಿದ್ದನ್ನು ನಾನು ಅವಳಿಗೆ ಹೇಳಿದೆ. ಸಿಟ್ಟು ಬಂದಾಗ ಉಸಿರು ಎಳೆದುಕೊಂಡು ಒಂದರಿಂದ ಹತ್ತರವರೆಗೆ ಎಣಿಸು ಎಂದೆ. ಅವಳು ಅಂದು ಮೊದಲ ಸಲ ನನ್ನ ಮುಖ ನೋಡಿದಳು.

"ನಾ ಎಣಸೂದ್ರಾಗ ಅವ್ರು ಹೊಡದ ಬಿಡ್ತಾರ್ರಿ, ಮೇಡಂ."

ಅವಳು ಹೇಳಿದ್ದು ನಿಜವಾಗಿತ್ತು. ಎಣಿಸುತ್ತ ನಿಂತವರಿಗೆ ಪೆಟ್ಟು ಬೀಳುವ ಮನೆಗಳನ್ನು ನಾನು ಬಲ್ಲೆ. ಎಣಿಸುವುದನ್ನು ಅಲ್ಲಿಗೇ ಬಿಟ್ಟು, ಸಿಟ್ಟು ಬರುವ ಮೊದಲು ಮೈಯಲ್ಲಿ ಎಲ್ಲಿ ಗೊತ್ತಾಗುತ್ತದೆ ಎಂದು ಕೇಳಿದೆ. ಅವಳು ಕಿವಿ ಮುಟ್ಟಿ ತೋರಿಸಿದಳು. ಕಿವಿಯೊಳಗೆ ಬಿಸಿನೀರು ಹೊಯ್ದ ಹಾಗಾಗುತ್ತದೆ, ಆಮೇಲೆ ಮಂದಿ ಮಾತಾಡುವುದು ಕೇಳಿಸುವುದಿಲ್ಲ, ಬಾಯಿ ಮಾತ್ರ ಅಲ್ಲಾಡುವುದು ಕಾಣಿಸುತ್ತದೆ ಎಂದಳು.

ನನಗೂ ಕಿವಿಯೇ. ನಾನು ಬೆಳೆದದ್ದು ಖಜೂರಿಯಲ್ಲಿ, ಅಪ್ಪ ಲಾರಿ ಓಡಿಸುತ್ತಿದ್ದ. ಮನೆ ಮುಂದೆ ಲಾರಿಯ ಬಾಗಿಲು ಹಾಕುವ ಸದ್ದಿನ ಮೇಲೆ ಈ ಹೊತ್ತು ಸೊಂಟದ ಪಟ್ಟಾ ಬಿಚ್ಚುತ್ತಾನೋ ಇಲ್ಲವೋ ಎಂದು ನನಗೆ ತಿಳಿಯುತ್ತಿತ್ತು. ಜೋರಾಗಿ ಹಾಕಿದರೆ ತಮ್ಮನನ್ನು ಎಳೆದುಕೊಂಡು ಹಿತ್ತಲಿಗೆ ಓಡುತ್ತಿದ್ದೆ. ಅವ್ವ ಓಡುತ್ತಿರಲಿಲ್ಲ. ಒಲೆ ಮುಂದೆ ಬೆನ್ನು ಮಾಡಿ ಕೂತುಬಿಡುತ್ತಿದ್ದಳು. ಬೆನ್ನ ಮೇಲೆ ಪಟ್ಟಾ ಬೀಳುವ ಸದ್ದನ್ನು ಹಿತ್ತಲಲ್ಲಿ ನಿಂತು ಕೇಳುತ್ತಿದ್ದೆವು. ಇದಿಷ್ಟನ್ನು ಹುಡುಗಿಗೆ ಹೇಳಿದೆ. ಹೇಳಬೇಕೆಂದು ಯಾವ ತರಬೇತಿಯಲ್ಲೂ ಕಲಿಸಿರಲಿಲ್ಲ, ಬಹುಶಃ ಹೇಳಬಾರದೆಂದೇ ಕಲಿಸಿದ್ದರು. ಅವಳು ನಿಮ್ಮಪ್ಪ ಈಗ ಇದ್ದಾನೇನು ಎಂದು ಕೇಳಿದಳು. ಇಲ್ಲ ಎಂದೆ. ನಮ್ಮಪ್ಪ ಇದ್ದಾನೆ ಎಂದು ಅವಳು ಶುರು ಮಾಡಿದಳು.

ಅವರ ಮೂಲ ಜೇವರ್ಗಿ ತಾಲ್ಲೂಕಿನ ಹಳ್ಳಿ. ಅಪ್ಪನಿಗೂ ಅವನ ದೊಡ್ಡಪ್ಪನ ಮಗನಿಗೂ ಹೊಲದ ಬದುವಿನ ಮೇಲೆ ಜಗಳವಿತ್ತು. ಅವಳು ಆರನೆಯ ತರಗತಿಯಲ್ಲಿದ್ದಾಗ, ತೊಗರಿ ರಾಶಿಯ ಕಾಲದಲ್ಲಿ, ಮನೆಯವರೆಲ್ಲ ಹೊಲದಲ್ಲಿದ್ದರು. ಆ ಮನುಷ್ಯ ಇನ್ನಿಬ್ಬರನ್ನು ಕಟ್ಟಿಕೊಂಡು ಬಂದ. ಮಾತು ಬೆಳೆಯಿತು. ಬಡಿಗೆಯಿಂದ ಮೊದಲು ಕಾಲಿಗೆ ಹೊಡೆದು ಅಪ್ಪನನ್ನು ಕೆಡವಿದರು. ಆಮೇಲೆ ಆ ದೊಡ್ಡಪ್ಪನ ಮಗ ಕೊಡಲಿಯ ಹಿಂಬದಿಯಿಂದ ತಲೆಗೆ ಹೊಡೆದ. ಕೊಡಲಿಯ ಬಾಯಿ ಆಚೆ ತಿರುಗಿಸಿ ಹೊಡೆದದ್ದು ಅವಳಿಗೆ ಸ್ಪಷ್ಟ ನೆನಪಿತ್ತು. ಅವ್ವ ಗಂಡನ ಮೇಲೆ ಬಿದ್ದು, ಓಡು, ಊರಾಗಿನ ಮಂದಿನ್ನ ಕರಿ ಎಂದು ಒದರುತ್ತಿದ್ದಳು. ಹುಡುಗಿಯ ಕಾಲು ಮೇಲೇಳಲಿಲ್ಲ. ಬಾಯಿಯಿಂದ ಸ್ವರ ಬರಲಿಲ್ಲ. ತೊಗರಿಯ ಗುಡ್ಡೆಯ ಹತ್ತಿರ ನಿಂತೇ ಇದ್ದಳು. ಅಪ್ಪ ಸಾಯಲಿಲ್ಲ, ಒಂದು ಮಗ್ಗುಲು ಬಿದ್ದುಹೋಯಿತು. ಮಾತು ತೊದಲಿ, ಬಾಯಿಯ ಒಂದು ಮೂಲೆಯಿಂದ ಜೊಲ್ಲು ಸುರಿಯುತ್ತದೆ. ಆಸ್ಪತ್ರೆಯಿಂದ ಬಂದ ಮೇಲೆ ಅವ್ವ ಅವನನ್ನೂ ಮಗಳನ್ನೂ ಕರೆದುಕೊಂಡು ತನ್ನ ತವರೂರಾದ ಈ ಹಳ್ಳಿಗೆ ಬಂದಿದ್ದಳು.

ಬಿಸಿಯೂಟದ ದಿನ ಜೊತೆಯವಳು ಬಾಯಿತುಂಬ ಸಾರು ತುಂಬಿಕೊಂಡು, ಗದ್ದದ ಮೇಲೆ ಇಳಿಬಿಟ್ಟು, ಅವಳ ಅಪ್ಪನಂತೆ ಮಾತಾಡಿ ತೋರಿಸಿದ್ದಳು. ಸುತ್ತ ಕೂತವರು ನಕ್ಕಿದ್ದರು.

"ಆವತ್ತ ಹೊಲದಾಗ ನಾ ಏನೂ ಮಾಡ್ಲಿಲ್ರಿ," ಎಂದಳು ಹುಡುಗಿ. "ಅದಕ್ಕ ಈಗ ಯಾರರ ಏನರ ಅಂದ್ರ ತಡಿಯಂಗಿಲ್ಲ. ಮೊದ್ಲ ಹೊಡಿತೇನಿ."

ಹನ್ನೊಂದು ವರ್ಷದ ಹುಡುಗಿ ಮೂವರು ಗಂಡಸರ ಮುಂದೆ ಏನು ಮಾಡಬಹುದಿತ್ತು ಎಂದು ಕೇಳಿದೆ. ಅವಳು ನೆಲ ನೋಡುತ್ತ, ಒದರಬಹುದಿತ್ತಲ್ಲ ಎಂದಳು. ಹೆದರಿದಾಗ ಗಂಟಲು ಕಟ್ಟುವುದು ಮೈಯ ಕೆಲಸ, ನಿನ್ನ ತಪ್ಪಲ್ಲ ಎಂದು ವಿವರಿಸಿದೆ. ಅವಳು ಒಪ್ಪಿದಂತೆ ಕಾಣಲಿಲ್ಲ. ಅದನ್ನು ಹಲವು ವಾರ, ಹಲವು ರೀತಿಯಲ್ಲಿ ಹೇಳಬೇಕಾಯಿತು. ಕಿವಿ ಕಾದಾಗ ಎಣಿಸುವುದು ಬೇಡ, ಇದ್ದ ಜಾಗ ಬಿಟ್ಟು ಮಂದಿ ಇರುವ ಕಡೆ ನಡಿ ಎಂದೆ. ಅದನ್ನು ಮಾತ್ರ ಮಾಡಿ ನೋಡುತ್ತೇನೆಂದಳು.

ತುಟಿಗೆ ಹೊಲಿಗೆ ಹಾಕಿಸಿಕೊಂಡವಳು ಶಾಲೆಗೆ ಮರಳಿದ ಮೇಲೆ ಇಡೀ ತರಗತಿಯನ್ನು ಕೂರಿಸಿಕೊಂಡೆ. ನಿನ್ನೆಯಿಂದ ಇವತ್ತಿನವರೆಗೆ ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಪೆಟ್ಟು ತಿಂದವರು ಕೈ ಎತ್ತಿ ಎಂದೆ. ನಗುತ್ತಲೇ ಎತ್ತಿದರು, ಹೆಚ್ಚುಕಡಿಮೆ ಎಲ್ಲರೂ. ಒಬ್ಬ ಹುಡುಗ ಅಂಗಿ ಎತ್ತಿ ಬೆನ್ನಿನ ಬಾಸುಂಡೆ ತೋರಿಸಿದ. ಇನ್ನೊಬ್ಬ ತನ್ನ ಮೊಣಕಾಲಿನದು ಅದಕ್ಕಿಂತ ದೊಡ್ಡದು ಎಂದ. ಸುಟ್ಟ ಗಾಯ, ಕಚ್ಚಿದ ಗಾಯ, ಬಾಗಿಲಲ್ಲಿ ಸಿಕ್ಕಿಸಿದ ಬೆರಳು ಎಲ್ಲ ಹೊರಬಂದವು, ಜಾತ್ರೆಯಲ್ಲಿ ಕೊಂಡ ಆಟಿಕೆ ಸಾಮಾನು ತೋರಿಸಿದ ಹಾಗೆ. ನಗು ಎಲ್ಲಿ ನಿಂತಿತೋ ನನಗೆ ಗೊತ್ತಾಗಲಿಲ್ಲ. ಆಗ ಹಿಂದಿನ ಬೆಂಚಿನಿಂದ ನಮ್ಮ ಹುಡುಗಿ ಎದ್ದು ನಿಂತಳು. ಯಾರ ಮುಖವನ್ನೂ ನೋಡದೆ, ತೊಗರಿ ರಾಶಿಯ ದಿನ ನಡೆದದ್ದನ್ನು ಪೂರ್ತಿ ಹೇಳಿದಳು. ನಾನು ಹೇಳೆಂದಿರಲಿಲ್ಲ. ತುಟಿ ಸೀಳಿದವಳು ಅಂಗೈಯಿಂದ ಬಾಯಿ ಮುಚ್ಚಿಕೊಂಡು ಕೇಳುತ್ತ ಕೂತಿದ್ದಳು.

ಅಲ್ಲಿಗೆ ಎಲ್ಲ ಸರಿಹೋಯಿತೆಂದು ನಾನು ಹಿಗ್ಗಿದ್ದೆ. ಊರಿನಲ್ಲಿ ಮಾತು ಬೇರೆ ನಡೆದಿತ್ತು. ಹಲ್ಲು ಮುರಿದ ಹುಡುಗಿಯ ಅಪ್ಪ ಕಬ್ಬು ಸಾಗಿಸುವ ಟ್ರ್ಯಾಕ್ಟರಿನವನು, ಊರಲ್ಲಿ ಒಂದಿಷ್ಟು ಜೋರಿನ ಮನುಷ್ಯ. ಹೋಟೆಲಿನಲ್ಲಿ ಯಾರೋ, ಕೂಲಿಯವಳ ಮಗಳು ನಿನ್ನ ಮಗಳ ಹಲ್ಲು ಉದುರಿಸಿದರೂ ಸುಮ್ಮನೆ ಕೂತಿಯಲ್ಲ ಎಂದು ಕೆಣಕಿದ್ದರಂತೆ. ಮುಂದಿನ ಸಲ ನಾನು ಶಾಲೆಯಲ್ಲಿದ್ದಾಗಲೇ, ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ, ಅವನೂ ಅವನ ತಮ್ಮನೂ ಬಡಿಗೆ ಹಿಡಿದುಕೊಂಡು ಗೇಟಿನೊಳಗೆ ನುಗ್ಗಿದರು. ಎಲ್ಲಿದ್ದಾಳೆ ಅವಳು, ಇವತ್ತು ಅವಳ ಬಾಯಿ ಒಡೆದೇ ಹೋಗುತ್ತೇನೆ ಎಂದು ಟ್ರ್ಯಾಕ್ಟರಿನವನು ಅಂಗಳದಲ್ಲಿ ನಿಂತು ಬೈಯತೊಡಗಿದ.

ಗಣಿತದ ಮಾಸ್ತರರು ಬೆತ್ತವನ್ನು ಒಳಗೇ ಬಿಟ್ಟು ಬರಿಗೈಯಲ್ಲಿ ಇಳಿದು ಹೋಗಿ ಅವನ ಎದೆಗೆ ಕೈ ಕೊಟ್ಟು ತಡೆದರು. ಅವನು ಹಿಂದೆಮುಂದೆ ನೋಡದೆ ಬಡಿಗೆ ಬೀಸಿದ. ಮಾಸ್ತರರ ಹೆಗಲಿಗೆ ಬಿತ್ತು. ಅವರು ಮೊಣಕಾಲೂರಿದರು. ಸಣ್ಣ ಮಕ್ಕಳು ಚೀರುತ್ತ ಕೋಣೆಗಳಿಗೆ ಓಡಿದವು.

ನಾನು ಹುಡುಗಿಯನ್ನು ಹುಡುಕಿದೆ. ಅವಳು ಅಡುಗೆಕೋಣೆಯ ಬಾಗಿಲಲ್ಲಿದ್ದಳು. ಕೈಯಲ್ಲಿ ಕಾಯಿಪಲ್ಲೆ ಹೆಚ್ಚುವ ದೊಡ್ಡ ಚಾಕು. ಮುಖದಲ್ಲಿ ರಕ್ತವೇ ಇಲ್ಲ. ಅವಳ ಕಣ್ಣಿಗೆ ಅಂಗಳ ಕಾಣುತ್ತಿರಲಿಲ್ಲ, ಹೊಲ ಕಾಣುತ್ತಿತ್ತು. ಹತ್ತಿರ ಹೋಗಿ ಕಿವಿ ಹೆಂಗದಾವು ಎಂದು ಕೇಳಿದೆ. ಎರಡನೆಯ ಸಲ ಜೋರಾಗಿ ಕೇಳಿದೆ. ತುಟಿ ಮಾತ್ರ ಅಲ್ಲಾಡಿತು, ಸುಡಾಕತ್ತಾವ ಎಂದಳು. ಚಾಕಿನ ಹಿಡಿಕೆ ಬಿಡಲಿಲ್ಲ. ಕಿತ್ತುಕೊಳ್ಳಲು ನನಗೆ ಧೈರ್ಯವಾಗಲಿಲ್ಲ.

ಅಷ್ಟರಲ್ಲಿ ಹಲ್ಲು ಮುರಿದ ಹುಡುಗಿ ಅಂಗಳಕ್ಕೆ ಓಡಿದಳು. ಅಪ್ಪನ ಮುಂದೆ ನಿಂತು ಅವನ ಬಡಿಗೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಮುಂದಿನ ಹಲ್ಲಿಲ್ಲದೆ, ಹೊಲಿಗೆ ಕೀವಾಗಿ ತುಟಿ ಇನ್ನೂ ಪೂರ್ತಿ ಮಾಯದೆ, ಮಾತು ಗಾಳಿ ಸೇರಿ ತೊದಲುತ್ತಿತ್ತು.

"ಅಪ್ಪಾ, ಮೊದ್ಲ ನಾ ತಪ್ಪ ಮಾಡೀನಿ. ಅವ್ರಪ್ಪಗ ಅಣಕ್ಸೀನಿ."

ಅವನು ಒಂದು ಕ್ಷಣ ಮಗಳನ್ನೇ ನೋಡಿದ. ಆಮೇಲೆ ಇಡೀ ಶಾಲೆಯ ಎದುರು, ಗಾಯದ ಮುಖದ ಮೇಲೆಯೇ ಕೈಬೀಸಿ ಹೊಡೆದ. ಹುಡುಗಿ ಕೆಳಗೆ ಬಿದ್ದಳು. ತುಟಿ ಮತ್ತೆ ಬಿಚ್ಚಿಕೊಂಡಿತು. ಅವನು ಕಾಲೆತ್ತಿ ಒದ್ದ. ನನ್ನ ಮುಷ್ಟಿ ತಾನಾಗಿ ಕಟ್ಟಿಕೊಂಡದ್ದು ನನಗೆ ತಿಳಿಯಿತು. ಸಿಕ್ಕಿದ್ದರೆ ನಾನೂ ಒಂದು ಕಲ್ಲೆತ್ತಿಕೊಳ್ಳುತ್ತಿದ್ದೆ ಎನ್ನುವುದರಲ್ಲಿ ನನಗೆ ಈಗಲೂ ಸಂಶಯವಿಲ್ಲ.

ನನ್ನ ಪಕ್ಕದಲ್ಲಿ ಚಾಕು ನೆಲಕ್ಕೆ ಬಿದ್ದ ಸದ್ದಾಯಿತು. ನಮ್ಮ ಹುಡುಗಿ ಓಡಿದಳು. ಅವನ ಮೇಲೆ ಬೀಳುತ್ತಾಳೆಂದುಕೊಂಡೆ. ಅವಳು ಅವನನ್ನು ದಾಟಿ ಶಾಲೆಯ ಗಂಟೆಯ ಹತ್ತಿರ ಹೋಗಿ ಕಬ್ಬಿಣದ ಸುತ್ತಿಗೆ ತೆಗೆದುಕೊಂಡು ಬಡಿಯತೊಡಗಿದಳು. ಬಡಿಯುತ್ತ ಒದರುತ್ತಿದ್ದಳು. ಮಾತಲ್ಲ, ಬರೀ ಸ್ವರ, ಎಳೆದ ಗಂಟಲ ಸ್ವರ. ಶಾಲೆಯ ಪಕ್ಕ ಪಂಚಾಯಿತಿ ಕಟ್ಟೆಯಲ್ಲಿ ಕೂತವರು, ಹಿಟ್ಟಿನ ಗಿರಣಿಯ ಹೆಣ್ಣುಮಕ್ಕಳು, ಹೊಲಕ್ಕೆ ಹೊರಟವರು ಎಲ್ಲ ಗೇಟಿನ ಕಡೆ ಬಂದರು. ಕೋಣೆಯೊಳಗೆ ಸೇರಿದ್ದ ಮಕ್ಕಳೂ ಹೊರಗೆ ಬಂದರು. ಅಷ್ಟು ಮಂದಿಯ ನಡುವೆ ಮಗಳನ್ನು ಒದೆಯುತ್ತ ನಿಂತ ತನ್ನನ್ನು ಅವನು ಕಂಡುಕೊಂಡ. ಅವನ ತಮ್ಮನೂ ಬಡಿಗೆ ಕೆಳಗೆ ಹಾಕಿದ. ಹಿರಿಯರೊಬ್ಬರು ಅವನ ಕುತ್ತಿಗೆಯ ಟವೆಲು ಹಿಡಿದು ಆಚೆ ಎಳೆದೊಯ್ದರು. ಗಂಟೆ ಮಾತ್ರ ನಿಲ್ಲಲಿಲ್ಲ. ನಾನು ಹೋಗಿ ಅವಳ ಮಣಿಕಟ್ಟು ಹಿಡಿದ ಮೇಲೆ ನಿಂತಿತು. ಅಂಗೈ ಸುಲಿದಿತ್ತು.

ಪೊಲೀಸರು ಬಂದರು. ಇನ್ನು ಹೀಗೆ ಮಾಡುವುದಿಲ್ಲವೆಂದು ಅವನು ಬರೆದುಕೊಟ್ಟು ಹೋದ. ಗಣಿತದ ಮಾಸ್ತರರ ಹೆಗಲ ಮೂಳೆ ಬಿರಿದಿತ್ತು, ಕೈ ಜೋಳಿಗೆಯಲ್ಲಿ ಹಾಕಿಕೊಂಡು ಕೆಲವು ವಾರ ಪಾಠ ಮಾಡಿದರು. ಅವರ ಬೆತ್ತ ಮೇಜಿನ ಮೇಲಿನಿಂದ ಹೋಗಲಿಲ್ಲ. ಆದರೆ ಹೊಡೆದಾಡಿದ ಮಕ್ಕಳನ್ನು ನನ್ನ ಕಡೆ ಕಳಿಸುವುದನ್ನು ಮೊದಲು ಶುರು ಮಾಡಿದವರೂ ಅವರೇ. ಹಲ್ಲು ಮುರಿದ ಹುಡುಗಿಯನ್ನು ಅಪ್ಪ ಕೆಲವು ಕಾಲ ಶಾಲೆ ಬಿಡಿಸಿದ್ದ. ಹೆಡ್ ಮಾಸ್ತರರು ಮನೆಗೆ ಹೋಗಿ ಕೂತು ಒಪ್ಪಿಸಿ ಕರೆತಂದರು. ಇಬ್ಬರು ಹುಡುಗಿಯರು ಗೆಳತಿಯರಾಗಲಿಲ್ಲ. ಊಟದ ಸಾಲಿನಲ್ಲಿ ಒಬ್ಬರಿಗೊಬ್ಬರು ದಾರಿ ಬಿಡುತ್ತಿದ್ದರು, ಅಷ್ಟೇ. ನಮ್ಮ ಹುಡುಗಿಯ ಅವ್ವ ಆಮೇಲೂ ಮಗಳಿಗೆ ಕೈ ಮಾಡಿದಳು. ಕೈ ತಡೀಲಿಲ್ಲ ಅಕ್ಕೋರ ಎಂದು ತಾನೇ ಬಂದು ಹೇಳಿ ನನ್ನ ಮುಂದೆ ತಲೆ ತಗ್ಗಿಸಿ ಕೂತಿದ್ದಳು.

ಹುಡುಗಿ ಹತ್ತನೆಯದು ಪಾಸಾಗಿ ಅಫಜಲಪುರದ ಕಾಲೇಜಿಗೆ ಬಸ್ಸಿನಲ್ಲಿ ಓಡಾಡತೊಡಗಿದಳು. ಕಳೆದ ಮಳೆಗಾಲ ಒಂದು ದಿನ ಅವಳದೇ ಫೋನು.

"ಮೇಡಂ, ಒಬ್ಬಂವಗ ಹೊಡದೇನಿ. ಬಸ್ ಸ್ಟ್ಯಾಂಡಿನ್ಯಾಗ ಅದೇನಿ. ಓಡಿ ಹೋಗಿಲ್ಲ."

ನಾನು ಹೋದಾಗ ಅವಳು ಕಂಟ್ರೋಲರರ ಕೋಣೆಯ ಹೊರಗಿನ ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಆ ಹುಡುಗ ದಿನವೂ ಬಸ್ಸಿನಲ್ಲಿ ಅವಳ ಮೈಗೆ ಆತು ನಿಲ್ಲುತ್ತಿದ್ದನಂತೆ. ದೂರ ನಿಲ್ಲು ಎಂದಿದ್ದಳು, ಜಾಗ ಬದಲಿಸಿದ್ದಳು, ಕಂಡಕ್ಟರಿಗೆ ಹೇಳಿದ್ದಳು. ಇವತ್ತು ಅವನು ಮೈಮೇಲಿನ ಓಢಣಿಗೆ ಕೈ ಹಾಕಿದಾಗ ಟಿಫಿನ್ ಡಬ್ಬಿಯಿಂದ ಮೂಗಿಗೆ ಒಂದು ಕೊಟ್ಟಿದ್ದಳು. ಅವನು ರಕ್ತ ಒರೆಸಿಕೊಳ್ಳುತ್ತ ಹೋಗಿಬಿಟ್ಟಿದ್ದ. ಎರಡನೆಯದು ಹೊಡೆಯಬೇಕೆನ್ನಿಸಿತ್ತು, ಹೊಡೆಯಲಿಲ್ಲ ಎಂದಳು. ಡಬ್ಬಿಯ ಮುಚ್ಚಳ ಬಗ್ಗಿತ್ತು. ಅದನ್ನು ಮೊಣಕಾಲಿಗೆ ಒತ್ತಿ ನೆಟ್ಟಗೆ ಮಾಡಲು ನೋಡುತ್ತಿದ್ದಳು.

"ಇದೂ ತಪ್ಪೇನ್ರಿ?" ಎಂದು ಕೇಳಿದಳು.

ಇಲ್ಲ ಎಂದೆ, ತಡಮಾಡದೆ. ಆಮೇಲೆ, ನಾಳೆ ಆ ಹುಡುಗ ನಾಲ್ಕು ಮಂದಿಯನ್ನು ಕಟ್ಟಿಕೊಂಡು ಬಂದರೆ ಏನು ಮಾಡುವುದು ಎಂದು ಇಬ್ಬರೂ ಯೋಚಿಸುತ್ತ ಕೂತೆವು. ಕಾಲೇಜಿನ ಪ್ರಿನ್ಸಿಪಾಲರಿಗೆ ಇವತ್ತೇ ಹೇಳುವುದು, ಡಿಪೋದಲ್ಲಿ ದೂರು ಕೊಡುವುದು, ಅದೇ ದಾರಿಯ ಉಳಿದ ಹುಡುಗಿಯರ ಜೊತೆ ಒಟ್ಟಿಗೆ ಹತ್ತುವುದು ಎಂದು ಮಾತಾಯಿತು. ಅವಳ ಊರಿನ ದಾರಿಯ, ಕರಜಗಿಯ ಕಡೆಯ ಬಸ್ಸು ಬಂತು. ಇದಕ್ಕೆ ಹೋಗುವುದಿಲ್ಲ, ಮೊದಲು ದೂರು ಕೊಟ್ಟು ಮುಂದಿನ ಬಸ್ಸಿಗೆ ಹೋಗುತ್ತೇನೆ ಎಂದು ಅವಳು ಎದ್ದಳು. ನಾನೂ ಅವಳ ಜೊತೆ ಡಿಪೋದ ಕಡೆ ನಡೆದೆ.